ಖಂಡಪ್ಪನ ನೆಟ್ಟಗಿನ ಗುಂಡು

ಎಲ್ಲದಕ್ಕೂ ಕಾರಣ ಒಂದು ಕೆಂಪು ಬಲೂನು. ಶನಿವಾರ ಸಂಜೆ ಮುಂಬಯಿಯ ಜುಹೂ ಚೌಪಾಟಿಯ ಕಡಲದಂಡೆಯಲ್ಲಿ ಚೆನ್ನಯ ಅದಕ್ಕೆ ಗುರಿಯಿಟ್ಟು ಏರ್‌ಗನ್ ಹಾರಿಸಿದ. ಬಲೂನು ಒಡೆಯಲಿಲ್ಲ. ಪುರಾಣ ಕೇಳುವ ಅಜ್ಜಿಯಂತೆ ಗಾಳಿಗೆ ತಲೆದೂಗುತ್ತ ನಿಂತೇ ಇತ್ತು.

ಮರುದಿನ ಬೆಳಿಗ್ಗೆ ಪಾರ್ಲೆಯ ಚಾಳಿನಲ್ಲಿ ನಳದ ಸಾಲು. ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವ ಚೆನ್ನಯ ಬಕೆಟ್ಟು ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ ಅಂದ: "ಖಂಡಪ್ಪನವರೇ, ತಪ್ಪು ನನ್ನ ಕೈಯದ್ದಲ್ಲ ಮಾರಾಯ್ರೆ. ನಿಮ್ಮ ಗುಂಡೇ ಸೊಟ್ಟ. ಮೂರು ಪಟ್ಟೆ ವಿಭೂತಿ ಹಚ್ಚಿಕೊಂಡು ಜನರಿಗೆ ಸೊಟ್ಟ ಗುಂಡು ಕೊಡುವುದಾ? ಅದರ ಮೇಲೆ ದೇವರ ಹುಂಡಿಯ ಕೀಲಿ ಬೇರೆ ನಿಮ್ಮ ಹತ್ರವೇ ಉಂಟು."

ಚೌಪಾಟಿಯಲ್ಲಿ ಬಲೂನಿನ ಆಟ ನಡೆಸುವ ಖಂಡಪ್ಪನ ಕೈ ತಾನಾಗಿ ಉಡಿದಾರಕ್ಕೆ ಹೋಯಿತು. ಚಾಳಿನ ಮೆಟ್ಟಿಲ ಕೆಳಗಿನ ಬಸವಣ್ಣನ ಗೂಡಿನ ಹುಂಡಿಯ ಕೀಲಿ ಅಲ್ಲಿತ್ತು. ವಿಜಾಪುರದ ಕಡೆಯಿಂದ ಬರಿಗೈಲಿ ಬಂದವನಿಗೆ ಮುಂಬಯಿ ಕೊಟ್ಟಿದ್ದ ಮರ್ಯಾದೆ ಅದೊಂದೇ.

ಚಾಳಿನ ಹಿರಿಯ, ಗೋಡೆ ಕಟ್ಟುವ ಗೌಂಡಿ ಅಣವೀರಪ್ಪ ಬೇವಿನ ಕಡ್ಡಿ ಬಾಯಿಂದ ತೆಗೆದ. "ತಮ್ಮಾ, ಮಾತು ಬಂತು, ತೀರಬೇಕು. ಇವತ್ತ ಸಂಜಿಗೆ ಎಲ್ಲಾರೂ ಚೌಪಾಟಿಗೆ ಬರ್ತೇವಿ. ಗುಂಡು ನೆಟ್ಟಗ ಇದ್ರ ಕೀಲಿ ನಿನ್ನ ಹಂತ್ಯಾಕ ಇರ್ಲಿ."

ಖಂಡಪ್ಪ ಒಳಗೆ ಬಂದು ಡಬ್ಬಿಯ ಗುಂಡುಗಳನ್ನು ತಾಟಿಗೆ ಸುರಿದ. ಕಣ್ಣಿಗೆ ಎಲ್ಲವೂ ದುಂಡಗೇ ಕಂಡವು. ಆದರೆ ಅಂಗಡಿಯವನು ಎರೆದ ಗುಂಡಿಗೆ ತಾನು ಹೇಗೆ ಆಣೆ ಮಾಡುವುದು? ತಾನೇ ಎರೆದರೆ ಮಾಡಬಹುದು. ಚೋರ್ ಬಜಾರಿನಿಂದ ಎಂದೋ ತಂದು ಮೂಲೆಗೆ ಎಸೆದಿದ್ದ ಇಕ್ಕಳದಂಥ ಅಚ್ಚನ್ನು ಹುಡುಕಿ ತೆಗೆದ. ಅಣವೀರಪ್ಪ ಹಳೆಯ ನಳದ ಸೀಸ ಕೊಟ್ಟ. ಮನೆ ಮುಂದಿನ ಗ್ಯಾಲರಿಯಲ್ಲಿ ಇದ್ದಿಲ ಸಿಗಡಿ ಹೊತ್ತಿತು, ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿತು. ಖಂಡಪ್ಪ ಕಣ್ಣು ಮುಚ್ಚಿ, ವಿಭೂತಿಯನ್ನು ನೀರಲ್ಲಿ ಕಲಸಿ, ಅಚ್ಚಿನ ಒಳಗೆ ಮೂರು ಬೆರಳು ಎಳೆದ. ಮನುಷ್ಯರು ಹೊರಗನ್ನು ನೋಡುತ್ತಾರೆ, ದೇವರು ಒಳಗನ್ನು ನೋಡುತ್ತಾನೆ ಎಂಬುದು ಅವನ ನಂಬಿಕೆ.

ಸೀಸ ಹೊಯ್ದದ್ದೇ ತಡ, ಅದು ಅಚ್ಚಿನಿಂದ ಚಟಾರೆಂದು ಸಿಡಿಯಿತು. ಒಂದು ಹನಿ ಗ್ಯಾಲರಿ ದಾಟಿ, ಎದುರಿಗೆ ಒಣಹಾಕಿದ್ದ ಹಪ್ಪಳದ ನಟ್ಟನಡುವೆ ತೂತು ಮಾಡಿತು. ಹಪ್ಪಳದ ಒಡತಿ ರುಕ್ಮಿಣಿಬಾಯಿ ಹೊರಗೆ ಬಂದು ಅದನ್ನು ಎತ್ತಿ ಹಿಡಿದು, ತೂತಿನೊಳಗಿಂದ ಅವನನ್ನು ನೋಡಿದಳು.

"ಇದೊಂದಾದ್ರೂ ನೆಟ್ಟಗ ಬಂತಲ್ಲಪಾ," ಅಂದಳು.

ಅಚ್ಚಿನಲ್ಲಿ ಉಳಿದ ಗುಂಡುಗಳು ಹುಳ ತಿಂದ ಕಡಲೆಯಂತಿದ್ದವು.

"ಸೀಸ ಭಾಳ ಕಾದೈತಿ," ಅಂದ ಅಣವೀರಪ್ಪ. "ಆರಿಸಿ ಹೊಯ್ಯಿ. ಸುಣ್ಣ ಆರಸೂದಿಲ್ಲೇನು ನಾವು?"

ಆರಿಸಿ ಹೊಯ್ದರೆ ಗುಂಡುಗಳು ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿ ಬಂದವು. ಅಷ್ಟರಲ್ಲಿ ಚೆನ್ನಯನೂ ಬಂದು ಕುಕ್ಕರುಗಾಲಲ್ಲಿ ಕೂತ. ತಾನೇ ಹೊರಿಸಿದ ತಪ್ಪಾದರೂ ಅಡುಗೆಯಂಥ ಕೆಲಸ ಕಂಡರೆ ಸುಮ್ಮನಿರುವ ಜೀವವಲ್ಲ ಅವನದು.

"ಅಂಟುವುದು ಮಾರಾಯ್ರೆ. ಎಣ್ಣೆ ಸವರಬೇಕು, ಕಾವಲಿಗೆ ಸವರಿದ ಹಾಗೆ."

ಸವರಿದ ಮೇಲೆ ಎದ್ದ ಹೊಗೆಗೆ ಇಡೀ ಚಾಳು ಕೆಮ್ಮಿತು. ಗುಂಡುಗಳ ಮೈತುಂಬ ಸಿಡುಬಿನ ಕಲೆ. ಖಂಡಪ್ಪ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಯಾರ ಬಾಯಲ್ಲಿ ದೇವರು ನುಡಿಯುತ್ತಾನೋ ಬಲ್ಲವರಾರು? ಪ್ರತಿ ಸಲ ಹೊಯ್ಯುವ ಮೊದಲು ಮೂರು ಬೆರಳ ವಿಭೂತಿಯನ್ನೂ ತಪ್ಪಿಸಲಿಲ್ಲ. ಊಟದ ಹೊತ್ತಿಗೆ ಡಬ್ಬಿಯೊಂದು ಕೆಟ್ಟ ಗುಂಡುಗಳಿಂದ ತುಂಬಿತು.

ಬಿಸಿಲು ಇಳಿಯತೊಡಗಿತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮಲ್ಲಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನ್ರೀ, ಹಂಚು ಕಾಯಲಾರದ ರೊಟ್ಟಿ ಹಾಕಿದ್ರ ಹಿಂಗ ಆಗತೈತಿ. ಮೊದಲ ಆ ಅಚ್ಚು ಕಾಯಿಸ್ರಿ. ಮತ್ತ ಅದರೊಳಗ ನೀರು ಯಾಕ ಹಾಕ್ತೀರಿ?"

"ನೀರಲ್ಲಲೇ, ವಿಭೂತಿ."

"ದೇವರಿಗೆ ಹೊರಗ ಕೈ ಮುಗೀರಿ. ಒಳಗ ಒಣಗಿರಲಿ."

ಅವಳೇ ಅಚ್ಚನ್ನು ಒರೆಸಿ, ಸಿಗಡಿಯ ಅಂಚಿಗೆ ಇಟ್ಟು ಕಾಯಿಸಿದಳು. ಖಂಡಪ್ಪ ಹೊರಗೇ ಕೈ ಮುಗಿದು ಹೊಯ್ದ. ಅಚ್ಚು ಬಿಚ್ಚಿದರೆ ಗುಂಡುಗಳು ಮುತ್ತಿನಂತೆ ಉರುಳಿ ತಾಟಿನಲ್ಲಿ ನಿಂತವು. ಅಣವೀರಪ್ಪ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ಬಾಯಿ ಮುಚ್ಚಿಕೊಂಡ. ಚಾಳಿನಲ್ಲಿ ಅದು ಹಿಂದೆಂದೂ ಆಗಿರಲಿಲ್ಲ.

ಸಂಜೆ ಖಂಡಪ್ಪ ಎಂದಿನಂತೆ ಮಲ್ಲಕ್ಕನ ತಾಮ್ರದ ಕೊಡವನ್ನೂ ಹೊತ್ತು ಹೊರಟ. ಒಂದೂ ತಪ್ಪದೆ ಒಂದು ಸಾಲು ಬಲೂನು ಒಡೆದವರಿಗೆ ಆ ಕೊಡ ಬಹುಮಾನ. ಅವಳ ತವರಿನಿಂದ ಬಂದ ಕೊಡವದು. ಇಷ್ಟು ವರ್ಷ ಯಾರೂ ಗೆಲ್ಲದೆ ದಿನಾ ಸಂಜೆ ಸಮುದ್ರ ನೋಡಿಕೊಂಡು ಮನೆಗೆ ಬಂದು, ಬೆಳಿಗ್ಗೆ ನಳದ ಕೆಳಗೆ ಕೂರುತ್ತಿತ್ತು.

ಚಾಳಿನವರು ಸುತ್ತ ನೆರೆದರು. ಮೊದಲು ರುಕ್ಮಿಣಿಬಾಯಿ ಹಾರಿಸಿದಳು. ಗುರಿಯಿಟ್ಟ ಬಲೂನೇ ಒಡೆಯಿತು. ಅಣವೀರಪ್ಪನೂ ಒಡೆದ. ಆಮೇಲೆ ಚೆನ್ನಯ ಬಂದೂಕು ಹಿಡಿದ. ದೋಸೆ ತಿರುವಿ ಹಾಕಿದಂತೆ ಒಂದಾದ ಮೇಲೊಂದು ಬಲೂನು ಒಡೆಯುತ್ತ ಹೋಗಿ, ಸಾಲು ಬರಿದಾಯಿತು.

ಖಂಡಪ್ಪನ ಕಣ್ಣು ತುಂಬಿ ಬಂತು. ಕೊಡವನ್ನು ತಾನೇ ಇಳಿಸಿ ಚೆನ್ನಯನ ಕೈಗಿಟ್ಟ. ಮರ್ಯಾದೆಯ ಮುಂದೆ ಕೊಡ ಯಾವ ಲೆಕ್ಕ?

"ಈಗ ಎಲ್ಲಾರ ಮುಂದ ಹೇಳ್ರಿ ಚೆನ್ನಯನವರ. ನನ್ನ ಗುಂಡು ಸೊಟ್ಟ ಅದಾವೇನು?"

"ಇಲ್ಲ ಮಾರಾಯ್ರೆ. ದೇವರಾಣೆ ನೇರ ಉಂಟು." ಚೆನ್ನಯ ಕೊಡವನ್ನು ತಟ್ಟಿ ನೋಡಿದ. "ಅಂದ್ರೆ, ಇಷ್ಟು ವರ್ಷ ಸೊಟ್ಟ ಇದ್ದದ್ದೇ ಹೌದಲ್ಲ?"

ರುಕ್ಮಿಣಿಬಾಯಿ, "ಅದೂ ಖರೇನ," ಅಂದಳು. ಉಳಿದವರ ತಲೆಗಳು ಬಲೂನುಗಳಂತೆ ಮೆಲ್ಲಗೆ ತೂಗಿದವು.

ಅಣವೀರಪ್ಪ ಕೆಮ್ಮಿದ. "ತಮ್ಮಾ, ಮನಸ್ಸಿಗೆ ಹಚ್ಕೋಬ್ಯಾಡ. ನೀ ತಪ್ಪು ತಿದ್ದಿಕೊಂಡಿ, ಛಲೋ ಆತು. ಆದ್ರ ಕೀಲಿ ಇಲ್ಲಿ ಕೊಡು."

ಪಾರ್ಲೆಗೆ ಎಲ್ಲರೂ ಕೂಡಿಯೇ ನಡೆದರು. ಬಾಗಿಲಲ್ಲಿ ನಿಂತಿದ್ದ ಮಲ್ಲಕ್ಕನಿಗೆ ಮೆಟ್ಟಿಲಲ್ಲಿ ಮೊದಲು ಕಂಡದ್ದು ಕೊಡ. "ಬಂದ್ರೇನು?" ಎಂದು ಕೈ ಚಾಚಿದಳು. ಕೊಡ ಅವಳನ್ನು ದಾಟಿಕೊಂಡು ಚೆನ್ನಯನ ಹೆಗಲ ಮೇಲೆ ಪಕ್ಕದಲ್ಲಿದ್ದ ಅವನ ಖೋಲಿಯೊಳಗೆ ಹೋಯಿತು. ಅದರ ಹಿಂದೆ ಖಂಡಪ್ಪ, ಬರಿದಾದ ಉಡಿದಾರವನ್ನು ಸವರಿಕೊಳ್ಳುತ್ತ.

ನಡೆದದ್ದನ್ನೆಲ್ಲ ಕೇಳಿದ ಮಲ್ಲಕ್ಕ ಸೀಸದ ಸೌಟನ್ನು ಮತ್ತೆ ಸಿಗಡಿಯ ಮೇಲಿಟ್ಟಳು. ತಣ್ಣಗಿನ ಅಚ್ಚನ್ನು ಮಡಿಲಲ್ಲಿ ಇಟ್ಟುಕೊಂಡು, ವಿಭೂತಿಯನ್ನು ನೀರಲ್ಲಿ ಚೆನ್ನಾಗಿ ಕಲಸಿ, ಅದರ ಒಳಗೆ ಭಕ್ತಿಯಿಂದ ಮೂರು ಬೆರಳು ಎಳೆದಳು.

"ದೇವರನ್ನ ಹೊರಗ ನಿಲ್ಲಿಸಿದ್ದ ತಪ್ಪಾತು ನೋಡ್ರಿ," ಅಂದಳು.