ಹತ್ತು ಯಂತ್ರ, ಎಂಟು ಲೈಸೆನ್ಸು

ಬೆಳಿಗ್ಗೆ ಒಂಬತ್ತೂವರೆಗೆ ಬಂದ ಎರಡು ಸಾಲಿನ ಇಮೇಲೇ ಇಷ್ಟಕ್ಕೆಲ್ಲ ಕಾರಣ. 'ನಮ್ಮ ಡೇಟಾಬೇಸ್ ಸಾಫ್ಟ್‌ವೇರನ್ನು ತಾವು ಎಷ್ಟು ಯಂತ್ರಗಳಲ್ಲಿ ಬಳಸುತ್ತಿದ್ದೀರಿ ಎಂದು ಪರಿಶೀಲಿಸಲು ನಮ್ಮ ಆಡಿಟರ್ ಇಂದು ಸಂಜೆ ನಾಲ್ಕಕ್ಕೆ ಬರುತ್ತಾರೆ. ದಯವಿಟ್ಟು ಸಹಕರಿಸಿ.'

ಇದನ್ನು ಮೂರು ಸಲ ಓದಿದವನು ಹಾಸಿಗೆ ತಯಾರಿಸುವ ಕಂಪನಿಯೊಂದರ ಕಂಪ್ಯೂಟರ್ ಎಂಜಿನಿಯರು. ಕಂಪನಿಯ ಯಂತ್ರಗಳೆಲ್ಲ ಕ್ಲೌಡಿಗೆ ಹೋದ ಮೇಲೆ ಅವನ್ನು ನೋಡಿಕೊಳ್ಳುವ ಇವನನ್ನು ಆಫೀಸಿನವರು ಮೋಡಪ್ಪ ಎಂದು ಕರೆಯತೊಡಗಿದ್ದರು. ಮೊದಮೊದಲು ಬೇಸರವಾಗುತ್ತಿತ್ತು. ಈಗ ಫೋನಿನಲ್ಲಿ ತಾನೇ "ಹಲೋ, ಮೋಡಪ್ಪ ಮಾತಾಡ್ತಿದೀನಿ" ಅನ್ನುತ್ತಾನೆ.

ಬೇರೆ ಯಾವ ದಿನ ಆಡಿಟರ್ ಬಂದಿದ್ದರೂ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಆರಕ್ಕೆ ರೈಲಿತ್ತು. ನಾಲ್ಕು ವರ್ಷದಲ್ಲಿ ಮೊದಲ ರಜೆ, ಅದೂ ಹನ್ನೆರಡು ದಿನ, ಗಂಡ ಹೆಂಡತಿ ಇಬ್ಬರೇ ಸಮುದ್ರ ನೋಡಲು ಹೊರಟಿದ್ದರು. ಹಿಂದಿನ ಮೂರು ಸಲವೂ ಕೊನೆ ಗಳಿಗೆಯಲ್ಲಿ ಇವನು ಕೈಕೊಟ್ಟಿದ್ದನಾದ್ದರಿಂದ ಹೆಂಡತಿ ಈ ಸಲ ಜಗಳವಾಡದೆ, ತಣ್ಣಗೆ ಹೇಳಿದ್ದಳು: "ನೀವು ಬರದಿದ್ರೆ ನಿಮ್ಮ ಟಿಕೆಟ್ಟಿನ ಬದಲು ಅಕ್ಕನಿಗೆ ಒಂದು ತಗೊಂಡು ನಾವಿಬ್ರೂ ಹೋಗ್ತೀವಿ." ಅವಳು ತಣ್ಣಗಿದ್ದರೆ ಮೋಡಪ್ಪನಿಗೆ ಹೆಚ್ಚು ಹೆದರಿಕೆ.

ಮ್ಯಾನೇಜರು ಇಮೇಲ್ ಓದಿ, ಕನ್ನಡಕ ತೆಗೆದಿಟ್ಟರು.

"ಎಷ್ಟು ಲೈಸೆನ್ಸ್ ಇದೆ ನಮ್ಮ ಹತ್ರ?"

"ಎಂಟು, ಸರ್."

"ಯಂತ್ರ?"

"ಹತ್ತು."

"ಸಂಜೆಯೊಳಗೆ ಎಂಟಾಗಿರ್ಬೇಕು. ಆಡಿಟರ್ ಒಪ್ಪಿ ಹೋದ್ರೆ ನಿಮಗೆ ರಜೆ. ಇಲ್ಲಾಂದ್ರೆ ಯಾವ ಸಮುದ್ರಾನೂ ಇಲ್ಲ."

ಹಿಂದೆ ಯಂತ್ರಗಳು ಒಂದು ಕೋಣೆಯಲ್ಲಿರುತ್ತಿದ್ದವು. ಎಷ್ಟಿವೆ ಎಂದು ಯಾರಾದರೂ ಕೇಳಿದರೆ ಹೋಗಿ ಬೆರಳು ಮಡಿಸಿ ಎಣಿಸಬಹುದಿತ್ತು. ಈಗಿನವು ಎಲ್ಲೋ ದೂರದ ಕಟ್ಟಡದಲ್ಲಿ, ಯಾರದೋ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಬಾಡಿಗೆಗಿರುವ ಕಲ್ಪಿತ ಯಂತ್ರಗಳು. ಗುಂಡಿ ಒತ್ತಿದರೆ ಹೊಸತೊಂದು ಹುಟ್ಟುತ್ತದೆ, ಹುಟ್ಟುವಾಗಲೇ ಡೇಟಾಬೇಸನ್ನು ಹೊತ್ತುಕೊಂಡು ಬರುತ್ತದೆ. ಲೈಸೆನ್ಸ್ ಮಾತ್ರ ಹಾಗೆ ಹುಟ್ಟುವುದಿಲ್ಲ, ಯಂತ್ರಕ್ಕೊಂದರಂತೆ ಅರ್ಜಿ ಹಾಕಿ ತರಬೇಕು.

ಹತ್ತರಲ್ಲಿ ಯಾವೆರಡನ್ನು ತೆಗೆಯುವುದು? ಮೋಡಪ್ಪನಿಗಿಂತ ಮೊದಲಿದ್ದ ಎಂಜಿನಿಯರು ಕುಟುಂಬವತ್ಸಲ. ಯಂತ್ರಗಳಿಗೆಲ್ಲ ತನ್ನ ನೆಂಟರಿಷ್ಟರ ಹೆಸರಿಟ್ಟಿದ್ದ: ದೊಡ್ಡಪ್ಪ, ಚಿಕ್ಕಮ್ಮ, ಸೋದರತ್ತೆ, ಭಾವ, ಷಡ್ಡಕ, ಹೀಗೆ. ಯಾವುದರಲ್ಲಿ ಏನಿದೆ ಎಂದು ಮಾತ್ರ ಎಲ್ಲೂ ಬರೆದಿಟ್ಟಿರಲಿಲ್ಲ. ಒಂದು ದಿನ ಕೆಲಸ ಬಿಟ್ಟು ಹೋದವನು ಅರ್ಧದಷ್ಟು ಪಾಸ್‌ವರ್ಡುಗಳನ್ನು ತಲೆಯಲ್ಲೇ ಹೊತ್ತುಕೊಂಡು ಹೋಗಿದ್ದ.

ನೋಡೋಣವೆಂದು ಮೋಡಪ್ಪ ದೊಡ್ಡಪ್ಪನನ್ನು ನಿಲ್ಲಿಸಿದ. ಐದೇ ನಿಮಿಷಕ್ಕೆ ಗೋದಾಮಿನ ಮೇಲ್ವಿಚಾರಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಏನ್ರೀ ಮಾಡಿದ್ರಿ? ಗೇಟಲ್ಲಿ ಆರು ಲಾರಿ ನಿಂತಿವೆ. ಚೀಟಿ ಬರ್ತಿಲ್ಲ. ಚೀಟಿ ಇಲ್ದೆ ಕಾವಲುಗಾರ ಬಿಡಲ್ಲ. ಡ್ರೈವರುಗಳು ಹಾಸಿಗೆ ಇಳಿಸ್ಕೊಂಡು ಅದರ ಮೇಲೇ ಮಲಗಿದಾರೆ."

ದೊಡ್ಡಪ್ಪನನ್ನು ತಕ್ಷಣ ಎಬ್ಬಿಸಲಾಯಿತು. ಲಾರಿಗಳು ಹೋದವು. ಸುದ್ದಿ ಮಾತ್ರ ಅವಕ್ಕಿಂತ ಬೇಗ ಹೋಗಿ ಎಲ್ಲ ಮೇಜುಗಳನ್ನೂ ಮುಟ್ಟಿತು: ಮೋಡಪ್ಪ ಯಂತ್ರ ಕಿತ್ತುಕೊಳ್ಳುತ್ತಿದ್ದಾನಂತೆ.

ಇನ್ನು ಕೇಳಿಯೇ ಮುಂದುವರಿಯಬೇಕೆಂದು ಅವನು ಪಟ್ಟಿ ಹಿಡಿದು ಹೊರಟ. ಮೊದಲು ಸಿಕ್ಕವರು ಗ್ರಾಹಕರ ದೂರು ನೋಡುವ ಮೇಡಂ.

"ಮೇಡಂ, ಸೋದರತ್ತೆ ನಿಮ್ಮದಾ?"

"ನಮ್ಮದೇ."

"ದಿನಾ ಉಪಯೋಗ್ಸ್ತೀರಾ?"

"ಇಲ್ಲ. ಆದ್ರೆ ಇರ್ಲಿ. ಒಂದ್ಸಲ ಕೊಟ್ಟುಬಿಟ್ರೆ ಆಮೇಲೆ ಬೇಕಂದಾಗ ಯಾರು ಕೊಡ್ತಾರೆ? ಅಂದ್ಹಾಗೆ ಭಾವನೂ ನಮ್ಮದೇ ಇರ್ಬೇಕು, ಬರ್ಕೊಳ್ಳಿ."

ಹೊದಿಕೆಗಳ ವಿನ್ಯಾಸ ಮಾಡುವವಳು ಚಿಕ್ಕಮ್ಮ ತನಗೆ ಬೇಕೇ ಬೇಕು ಅಂದಳು. ಗೋದಾಮಿನವನಂತೂ ಮೂರು ಹೆಸರು ಹೇಳಿದ, ಅದರಲ್ಲಿ ಒಂದು ಪಟ್ಟಿಯಲ್ಲೇ ಇರಲಿಲ್ಲ. ಸಿಬ್ಬಂದಿ ವಿಭಾಗದ ಅಧಿಕಾರಿಯೊಬ್ಬರೇ ಸತ್ಯವಂತರು. ಬಂದು ಮೂರು ತಿಂಗಳಾಗಿದ್ದ ಅವರು, "ನನ್ನದು ಹಾಜರಿ ಪುಸ್ತಕ ಒಂದೇ ರೀ. ನಿಮ್ಮ ನೆಂಟ್ರು ಯಾರೂ ನನಗೆ ಗೊತ್ತಿಲ್ಲ" ಅಂದರು.

ಊಟ ಮುಗಿಸಿ ಬಂದು ಪರದೆ ನೋಡಿದರೆ ಯಂತ್ರಗಳು ಹದಿನಾಲ್ಕಾಗಿದ್ದವು. ಮೋಡಪ್ಪ ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದ. ಹದಿನಾಲ್ಕೇ. ಇರುವುದನ್ನು ಕಿತ್ತುಕೊಂಡರೆ ಕಷ್ಟಕ್ಕಿರಲಿ ಎಂದು ಒಬ್ಬೊಬ್ಬರೂ ಗುಟ್ಟಾಗಿ ಒಂದೊಂದು ಹೊಸ ಯಂತ್ರ ಹುಟ್ಟಿಸಿಕೊಂಡಿದ್ದರು, ಮೇಡಂ ಎರಡು. ಗುಂಡಿ ಒತ್ತುವ ಅಧಿಕಾರವನ್ನು ಎಲ್ಲರಿಗೂ ಹಂಚಿದವನು ಅವನೇ. ಪ್ರತಿಯೊಂದಕ್ಕೂ ತನ್ನನ್ನು ಕರೆಯಬಾರದೆಂಬ ಒಂದೇ ಆಸೆಯಿಂದ ಆ ಉದಾರತೆ ತೋರಿಸಿದ್ದ.

ಗಂಟೆ ಎರಡು. ಆಗ ಹೆಂಡತಿಯ ಫೋನು ಬಂತು.

"ರೀ, ಲಗೇಜ್ ಕಟ್ತಾ ಇದೀನಿ. ಬರ್ತೀರಿ ತಾನೆ?"

"ಬರ್ತೀನಿ. ಎರಡು ಯಂತ್ರ ತೆಗೆದ್ರೆ ಮುಗೀತು."

"ಬೆಳಿಗ್ಗೆನೂ ಎರಡೇ ಅಂದ್ರಿ."

"ಈಗ ಆರು" ಎಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಆದರೆ ಹೆದರಿಕೆ ಮನುಷ್ಯನಿಗೆ ಬುದ್ಧಿ ಕೊಡುತ್ತದೆ. ಅವನು ಒಂದು ಹಾಳೆಯಲ್ಲಿ ಹದಿನಾಲ್ಕೂ ಹೆಸರು ಬರೆದು, ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸಿದ: 'ಈ ಯಂತ್ರ ನನ್ನದು. ಇದರ ಬಗ್ಗೆ ಆಡಿಟರ್ ಕೇಳುವ ಪ್ರಶ್ನೆಗಳಿಗೆಲ್ಲ ನಾನೇ ಉತ್ತರಿಸುತ್ತೇನೆ.' ಕೆಳಗೆ ಸಹಿಗೆ ಜಾಗ ಬಿಟ್ಟ.

ಹಾಳೆ ಮೇಜಿನಿಂದ ಮೇಜಿಗೆ ಹೋದಂತೆ ಬಂಧುಪ್ರೇಮ ಕರಗುತ್ತ ಬಂತು. ಹೊಸದಾಗಿ ಹುಟ್ಟಿದ ನಾಲ್ಕನ್ನು ಹುಟ್ಟಿಸಿದವರೇ ಹತ್ತು ನಿಮಿಷದಲ್ಲಿ ಅಳಿಸಿಹಾಕಿದರು. "ಭಾವ ಅಂತ ಯಾರೋ ಇದಾರೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು" ಎಂದರು ದೂರಿನ ಮೇಡಂ. ನಿಜವಾಗಿ ಕೆಲಸವಿದ್ದ ಎಂಟಕ್ಕೆ ಗೊಣಗುತ್ತ ಸಹಿ ಬಿತ್ತು. ಭಾವ ಮತ್ತು ಷಡ್ಡಕ ಯಾರಿಗೂ ಬೇಡವಾಗಿ ಉಳಿದರು.

ಮೋಡಪ್ಪ ಇಬ್ಬರನ್ನೂ ಹೊರಗಿನಿಂದಲೇ ತಟ್ಟಿ ನೋಡಿದ. ಭಾವ ಬರಿದು. ಷಡ್ಡಕನ ಪಾಸ್‌ವರ್ಡ್ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಯಾರೋ ಒಬ್ಬರು ಒಂದೇ ಒಂದು ಸಲ ಬಳಸಿದ್ದು ಬಿಟ್ಟರೆ ಆ ಕಡೆ ಯಾರೂ ಸುಳಿದಿರಲಿಲ್ಲ. ಇಂಥವನು ಇದ್ದರೂ ಒಂದೇ, ಹೋದರೂ ಒಂದೇ ಅನ್ನಿಸಿತು. ಇಬ್ಬರನ್ನೂ ನಿಲ್ಲಿಸಿ, ಸಮಾಧಾನದಿಂದ ಒಂದು ಕಾಫಿ ಕುಡಿದ.

ಆಡಿಟರ್ ನಾಲ್ಕಕ್ಕೆ ಸರಿಯಾಗಿ ಬಂದರು. ಸಣಕಲು ಮನುಷ್ಯ, ಮೃದು ಮಾತು. ಪರದೆಯನ್ನು ಬಹಳ ಹೊತ್ತು ನೋಡಿದರು.

"ಹತ್ತಿವೆಯಲ್ಲ."

"ಎರಡನ್ನ ನಿಲ್ಲಿಸಿದೀನಿ ಸರ್. ಮಲಗಿವೆ."

"ಮಲಗಿದ್ರೂ ಲೆಕ್ಕಕ್ಕೆ ಬರುತ್ತೆ. ನಮ್ಮ ಷರತ್ತು ಹಾಗಿದೆ."

ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರು ಕೆಮ್ಮಿದರು. ಮೋಡಪ್ಪ ಎರಡನ್ನೂ ಅಳಿಸಿದ.

"ಇವುಗಳ ನಕಲು ಇಟ್ಟಿರ್ತೀರಲ್ಲ, ಮತ್ತೆ ಬೇಕಾದ್ರೆ ಇರ್ಲಿ ಅಂತ? ಅದೂ ಲೆಕ್ಕಕ್ಕೆ ಬರುತ್ತೆ."

ನಕಲನ್ನು ಅಳಿಸುವಾಗ ಅವನ ಬೆರಳು ಅರೆಗಳಿಗೆ ತಡೆಯಿತು. ಎಷ್ಟೆಂದರೂ ಮತ್ತೆ ತರಲಾಗದ್ದು. ಆದರೆ ಬೆಳಿಗ್ಗೆ ಆರರ ರೈಲು ಕಣ್ಣ ಮುಂದೆ ಬಂತು, ಒತ್ತಿಬಿಟ್ಟ. ಆಡಿಟರ್ ಎಂಟು ಎಂದು ಬರೆದು, ಸಹಿ ಹಾಕಿ, ಎಲ್ಲರ ಕೈಕುಲುಕಿ ಹೊರಟುಹೋದರು.

ಮ್ಯಾನೇಜರಿಗೆ ಇಷ್ಟು ಸಂತೋಷವಾಗಿದ್ದನ್ನು ಯಾರೂ ಕಂಡಿರಲಿಲ್ಲ. "ಹನ್ನೆರಡಲ್ಲ, ಹದಿನೈದು ದಿನ ಹೋಗ್ಬನ್ನಿ" ಅಂದವರೇ ಸಿಬ್ಬಂದಿ ಅಧಿಕಾರಿಯನ್ನು ಕರೆಸಿದರು. "ಇವರ ರಜೆ ಈಗಲೇ ಹತ್ತಿಸಿಬಿಡಿ."

"ಹಾಜರಿ ಪುಸ್ತಕದಲ್ಲಾ ಸರ್?"

"ಪುಸ್ತಕದಲ್ಲಿ ಬರೆದ ರಜೆ ನಡೆಯಲ್ಲ ರೀ. ರಜೆಗೆ ಅಂತಲೇ ಒಂದು ಸಾಫ್ಟ್‌ವೇರ್ ಮಾಡಿಸಿದೀನಲ್ಲ? ಅದರಲ್ಲಿ ಹತ್ತದ ರಜೆ ಗೈರುಹಾಜರಿ ಅಂತ ಆಡಳಿತ ಮಂಡಳಿಯಿಂದ ನಿಯಮಾನೇ ತಂದಿದೀನಿ."

ಅಧಿಕಾರಿ ಹಳೆಯ ಕಡತದಲ್ಲಿ ಅದರ ವಿಳಾಸ ಹುಡುಕಿ ಕಂಪ್ಯೂಟರಿನಲ್ಲಿ ಒತ್ತಿದರು. ಬಿಳಿ ಪುಟ. ಮತ್ತೆ ಒತ್ತಿದರು. ಮತ್ತೂ ಬಿಳಿ.

"ಯಾವ ಯಂತ್ರದಲ್ಲಿದೆ ಇದು?" ಎಂದು ಮೋಡಪ್ಪ ಕೇಳಿದ.

ಅಧಿಕಾರಿ ಕಡತವನ್ನು ಬೆಳಕಿಗೆ ಹಿಡಿದು ಓದಿದರು. "ಷಡ್ಡಕ ಅಂತ ಬರೆದಿದೆ. ಇಲ್ಲೀವರೆಗೆ ಒಬ್ಬರೇ ರಜೆ ತಗೊಂಡಿರೋದು, ನಿಮಗಿಂತ ಮೊದಲಿದ್ದ ಎಂಜಿನಿಯರು. ಆ ರಜೆಯಿಂದ ಅವರು ವಾಪಸ್ ಬಂದಿಲ್ಲ."

ಮ್ಯಾನೇಜರು ಮೆಲ್ಲನೆ ಕೇಳಿದರು, "ಇನ್ನೊಂದು ಯಂತ್ರ ಹುಟ್ಟಿಸಿ ಮತ್ತೆ ಹಾಕೋಕಾಗಲ್ವಾ?"

"ಹಾಕ್ಬಹುದು ಸರ್. ಒಂಬತ್ತನೇ ಲೈಸೆನ್ಸ್ ಬೇಕು. ಅರ್ಜಿ ಹಾಕಿದ್ರೆ ಮೂರು ವಾರ."

"ಹಾಕಿ. ಮೂರು ವಾರ ಇಲ್ಲೇ ಇರ್ತೀರಲ್ಲ, ಸಾಫ್ಟ್‌ವೇರೂ ನೀವೇ ಕಟ್ಟಿಬಿಡಿ. ಮುಗಿದ ತಕ್ಷಣ ಮೊದಲ ರಜೆ ನಿಮ್ಮದೇ, ನನ್ನ ಮಾತು" ಎಂದು ಅವರು ನಿಜವಾದ ಕಾಳಜಿಯಿಂದ ಹೇಳಿದರು.

ಮೋಡಪ್ಪ ತನ್ನ ಕುರ್ಚಿಗೆ ಬಂದು ಕೂತ. ಫೋನು ಬಡಿದುಕೊಂಡಿತು.

"ರೀ, ಕೊಡೆ ಎರಡು ಇಡ್ಲಾ, ಒಂದು ಸಾಕಾ?"

ಅವನು ಲೈಸೆನ್ಸಿನ ಅರ್ಜಿಯನ್ನು ಪರದೆಯ ಮೇಲೆ ತೆರೆದ.

"ನೀನೂ ನಿಮ್ಮಕ್ಕನೂ ಒಂದರಲ್ಲೇ ಹಿಡಿಸ್ತೀರಾ ಅಂತ ನೋಡ್ಕೋ" ಅಂದ.