ಅಂಗಳದಾಗಿನ ಫ್ಯಾನ್ ಕ್ಲಚ್

ಮನೆ ಮುಂದೆ ಲಾರಿ ನಿಲ್ಲಿಸಿಕೊಂಡವರಿಗೆ ನಗೆಯ ಬರಗಾಲ ಅನ್ನುವುದಿಲ್ಲ. ಒಂದು ನಟ್ಟು ಬಿಚ್ಚಲು ಕೂತರೆ ಸಾಕು, ಓಣಿಯೇ ಬಂದು ಕೂಡುತ್ತದೆ. ಆಗ ಮಿರಜಿನ ನಮ್ಮ ಓಣಿಯಲ್ಲಿ ಅಂಗಳಗಳು ಇನ್ನೂ ಇದ್ದವು, ನಮ್ಮ ಅತ್ತೆಯೂ ಇದ್ದರು. ಮೂಲೆಗೊಂದು ಎಸ್‌ಟಿಡಿ ಬೂತ್ ಹೊಸದಾಗಿ ಬಂದಿತ್ತು. ಸಾಂಗ್ಲಿ ರಸ್ತೆಯಲ್ಲಿ ದಿನಕ್ಕೊಂದು ನಮೂನೆಯ ಗಾಡಿ ಓಡುವುದನ್ನು ಕಂಡು ನಮ್ಮ ಮನೆಯವರೂ ಹಳೆಯ ಲಾರಿ ಕೊಟ್ಟು ಹೊಸ ನಮೂನೆಯದೊಂದು ತಂದಿದ್ದರು. ಅದು ದ್ರಾಕ್ಷಿ ಸುಗ್ಗಿಯಲ್ಲೇ ದಾರಿಯಲ್ಲಿ ಕುದಿದು ನಿಲ್ಲತೊಡಗಿತು. ಮರುದಿನದ ಲೋಡಿಗೆ ಮಾಲಗಾಂವದ ತೋಟದಲ್ಲಿ ಆಗಲೇ ದ್ರಾಕ್ಷಿ ಕೊಯ್ಯುತ್ತಿದ್ದರು. ಗ್ಯಾರೇಜುಗಳ ಮುಂದೆ ಗಾಡಿಗಳ ಸಾಲು. "ಮನ್ಯಾಗ ಮಾಡೂಣು" ಅಂದರು ಇವರು.

೧. ಬಿಸಿಯಾದರೆ ಮಾತ್ರ

ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆಗೆ ಇವರು ತಿಳಿಸಿ ಹೇಳಿದರು: "ಹಳೇ ಗಾಡಿ ಫ್ಯಾನ್ ಯಾವಾಗಲೂ ಜೋರ ತಿರಗತಿತ್ತವ್ವಾ. ಇದರಾಗ ಕ್ಲಚ್ ಐತಿ. ಇಂಜಿನ್ ತಣ್ಣಗ ಇದ್ರ ಫ್ಯಾನ್ ಆರಾಮ ಇರತೈತಿ. ಬಿಸಿ ಆತಂದ್ರ ಕ್ಲಚ್ ಹಿಡಕೊಂಡು ಜೋರ ತಿರಗಸ್ತೈತಿ."

"ಅಂದ್ರ ಎದುರಿನವರು ಬಿಸಿ ಆಗೂತನಕಾ ಕೆಲಸ ಮಾಡೂದಿಲ್ಲ. ಇದನ್ನೇನ ಹೇಳತಿ," ಅಂದರು ಅತ್ತೆ, "ಇಂಥಾದೊಂದನ್ನ ನಾನ ಹಡದೇನಿ."

೨. ಸಲೀಸಾಗಿ ತಿರುಗುವ ರೋಗ

ಇಂಜಿನ್ ಕಾಯಿಸಿ, ಬಂದ್ ಮಾಡಿ, ಇವರು ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿದರು. ಬಿಸಿ ಇದ್ದಾಗ ಅದು ಬಿಗಿಯಾಗಿರಬೇಕು. ನಮ್ಮದು ಗಿರಗಿಟ್ಟಲೆಯ ಹಾಗೆ ಸುತ್ತಿತು.

ಪಕ್ಕದ ಮನೆಯ ಮರಾಠಿ ಕಾಕಾ ರೇಲ್ವೆಯಿಂದ ನಿವೃತ್ತರಾದವರು. ಬಂದು ತಾವೂ ಒಮ್ಮೆ ತಿರುಗಿಸಿ, "ವ್ಹಾ! ಮಸ್ತ ಫಿರತಂಯ! ಛಲೋ ತಿರಗತೈತಿ, ಏನೂ ಆಗಿಲ್ಲ ಬಿಡು" ಅಂದರು.

"ಕಾಕಾ, ಹಂಗ ತಿರಗಬಾರದ್ರಿ. ಕಾದಾಗ ಸಲೀಸ ತಿರಗಿದ್ರ ಕೆಟ್ಟೈತಿ ಅಂತ. ಬಿಗಿ ನಿಂತ್ರ ಆರೋಗ್ಯ."

ಕಾಕಾ ತಮ್ಮ ಮನೆ ಕಡೆ ನೋಡಿ ಉಸಿರು ಬಿಟ್ಟರು. "ಹಂಗಾರ ನಮ್ಮ ಮನ್ಯಾಗ ಎಲ್ಲಾರೂ ಗಟ್ಟಿಮುಟ್ಟ ಅದಾರಪಾ. ನಾ ಎಷ್ಟ ಕೂಗಿದ್ರೂ ಒಬ್ಬರೂ ತಿರಗೂದಿಲ್ಲ."

೩. ಪೈಲವಾನರ ಕುಸ್ತಿ

ಸಾಂಗ್ಲಿಯಿಂದ ಹೊಸ ಕ್ಲಚ್ ಬಂತು. ಹಳೆಯದರ ನಡುವಿನ ದೊಡ್ಡ ನಟ್ಟು ಮಾತ್ರ ಅಲುಗಾಡಲಿಲ್ಲ. ಹಿಂದಿನ ಓಣಿಯ ತಾಲೀಮು ಮನೆಯಿಂದ ಒಬ್ಬ ಪೈಲವಾನರನ್ನು ಕರೆತಂದೆವು. ಪಾನಾ ಹಾಕಿ ಅವರು ಜಗ್ಗಿದರೆ ಲಾರಿಯೇ ತೂಗಾಡಿತು, ನಟ್ಟು ತೂಗಾಡಲಿಲ್ಲ. ಇವರು ಬೂತಿಗೆ ಓಡಿ ಕ್ಲಚ್ ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿ ಬಂದರು. ಬಾಗಿಲಲ್ಲೇ, ಸ್ವಲ್ಪ ದೂರ ನಿಂತು ಹೇಳಿದರು: "ಪೈಲವಾನರ, ಈ ನಟ್ಟು ಉಲ್ಟಾ ಬಿಚ್ಚಬೇಕಂತರಿ."

"ಅಂದ್ರ ಇಷ್ಟೊತ್ತೂ ನಾ ಬಿಗಿ ಮಾಡೇನಿ?"

ಪೈಲವಾನರು ಅಂಗಿ ಕಳೆದು, ತೊಡೆ ತಟ್ಟಿ ಮತ್ತೆ ಇಳಿದರು. ಕೊನೆಗೂ ನಟ್ಟು ಬಿಟ್ಟಾಗ ಅತ್ತೆ ಮಜ್ಜಿಗೆ ತಂದುಕೊಟ್ಟು, "ಯಾರ ಗೆದ್ರಪಾ?" ಅಂದರು.

"ನಾನ ಗೆದ್ದೆ, ಆಯಿ. ಸೋತಾಂವನೂ ನಾನ."

೪. ಲಾರಿಗೆ ಬಂದ ಜ್ವರ

ಇದನ್ನು ಹೇಳಲು ಶುರುಮಾಡಿದರೆ ಇವರು ಇವತ್ತಿಗೂ ಎದ್ದು ಒಳಗೆ ಹೋಗುತ್ತಾರೆ.

ಹೊಸ ಕ್ಲಚ್ ಕೂಡಿಸಿದ್ದಾಯಿತು. ಇಂಜಿನ್ ಬೇಗ ಕಾಯಲಿ, ಫ್ಯಾನ್ ಹಿಡಿಯುತ್ತದೋ ಇಲ್ಲವೋ ನೋಡೋಣ ಅಂತ ಇವರು ಗೋಡೆಯ ಮೇಲೆ ಒಣಗಲು ಹಾಕಿದ್ದ ಅತ್ತೆಯ ಕೌದಿ ತಂದು ಲಾರಿಯ ಮೂತಿಗೆ ಹೊದಿಸಿದರು. ಆಮೇಲೆ ಕ್ಯಾಬಿನ್ ಹತ್ತಿ ಕೂತರು. ನಾವೆಲ್ಲ ಬಾಗಿಲಿಗೆ ಜೋತುಬಿದ್ದು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟೆವು. ಮುಳ್ಳು ಏರಿತು. ಫ್ಯಾನ್ ಗುಂಯ್ ಅಂತ ಹಿಡಿಯಿತು. ಚಪ್ಪಾಳೆ ಹೊಡೆದೆವು. ಆದರೆ ಮುಳ್ಳು ಇಳಿಯಲಿಲ್ಲ, ಏರುತ್ತಲೇ ಹೋಯಿತು.

ಇವರ ಮುಖ ಸಣ್ಣದಾಯಿತು. "ಹೊಸಾದೂ ಕೆಟ್ಟೈತಿ. ನಾಳೆ ದ್ರಾಕ್ಷಿ ತೋಟದಾಗ ಕೊಳೀತಾವ. ಬಿಚ್ಚಿ ಹೊಳ್ಳಿ ಕೊಡೂಣು."

"ಬಿಚ್ಚೂಣು" ಅಂದದ್ದೇ ತಡ, ಪೈಲವಾನರು ಅಂಗಿ ಹಾಕಿಕೊಂಡು ಮೆಲ್ಲಗೆ ಗೇಟಿನತ್ತ ನಡೆದರು.

ಅಷ್ಟರಲ್ಲಿ ಕೌದಿ ಹುಡುಕುತ್ತ ಬಂದ ಅತ್ತೆ ಲಾರಿಯ ಮುಂದೆ ಗಲ್ಲದ ಮೇಲೆ ಕೈಯಿಟ್ಟು ನಿಂತುಬಿಟ್ಟರು. ನಾವೂ ಹೋಗಿ ನೋಡಿದರೆ, ಫ್ಯಾನ್ ಒಳಗೆಳೆದ ರಭಸಕ್ಕೆ ಕೌದಿ ಮೂತಿಯ ಜಾಳಿಗೆಗೆ ಗಚ್ಚಗೆ ಅಂಟಿಕೊಂಡಿತ್ತು. ಫ್ಯಾನಿಗೆ ಗಾಳಿಯೇ ಇಲ್ಲ! ಅತ್ತೆ ಅದನ್ನು ಕಿತ್ತರು, ಮುಳ್ಳು ಇಳಿಯಿತು. ಮರುದಿನ ದ್ರಾಕ್ಷಿಯೂ ಹೊತ್ತಿಗೆ ಸರಿಯಾಗಿ ಹೋಯಿತು. ಆದರೆ ಓಣಿ ನೆನಪಿಟ್ಟುಕೊಂಡದ್ದು ಕೌದಿ ಝಾಡಿಸುತ್ತ ಅತ್ತೆ ಮಗನಿಗೆ ಅಂದ ಮಾತನ್ನು:

"ಸುಡು ಬಿಸಲಾಗ ಕೌದಿ ಹೊಚ್ಚಿ, ಮೈ ಯಾಕ ಕಾದೇತಿ ಅಂತ ಊರಿಗೆಲ್ಲಾ ಕೇಳಾಕತ್ತೀಯಲ್ಲೋ!"