ಲೆಕ್ಕಪತ್ರ ಅಂಟಿಸಿದ ಬಾಗಿಲನ್ನು ಹಿಂತಿರುಗಿಸುವ ಬಗ್ಗೆ

ನಡೆಯಲಾರದವರ ನೆರವಿಗೆಂದೇ ಹುಟ್ಟಿದ ನಮ್ಮೂರ ಸೇವಾ ಸಂಸ್ಥೆಯ ನಿರ್ದೇಶಕರೂ, ಸಂಬಳದ ಮಾತೆತ್ತಿದರೆ ಸಂಕೋಚದಿಂದ ಮುದುಡಿಹೋಗುವವರೂ ಆದ ಮಾನ್ಯರೇ,

ತಮ್ಮ ಕೋಣೆಯ ಬಾಗಿಲನ್ನು ರಿಪೇರಿಗೆಂದು ತಂದ ಬಡಗಿಯ ನಮಸ್ಕಾರಗಳನ್ನು ದಯವಿಟ್ಟು ಸ್ವೀಕರಿಸಬೇಕು. ತಾವು ಕ್ಷೇಮವೆಂದೂ, ತಮ್ಮ ಕೋಣೆಯ ಹೊಸ ಎ.ಸಿ. ತಮಗಿಂತಲೂ ಕ್ಷೇಮವೆಂದೂ ನಂಬಿದ್ದೇನೆ. ಆ ಎ.ಸಿ.ಯೇ ತೊಟ್ಟಿಕ್ಕಿ ತೊಟ್ಟಿಕ್ಕಿ ಬಾಗಿಲನ್ನು ಉಬ್ಬಿಸಿ, ಅದು ಚೌಕಟ್ಟಿನೊಳಗೆ ಕೂರದಂತೆ ಮಾಡಿದ್ದರಿಂದಲ್ಲವೇ ತಾವು ನನಗೆ ಫೋನ್ ಮಾಡಿಸಿ, "ಬಾಗಿಲು ಮುಚ್ಚದಿದ್ರೆ ನನಗೆ ಸೇವೆ ಮಾಡೋಕೇ ಆಗಲ್ಲ" ಎಂದು ಹೇಳಿಕಳಿಸಿದ್ದು? ಅಂಥ ಉಪಕಾರಿ ಯಂತ್ರಕ್ಕೂ ನನ್ನದೊಂದು ನಮಸ್ಕಾರ.

ತಾವು ನನ್ನನ್ನು ಮರೆತಿರಬಹುದು, ಆದರೆ ನನ್ನ ಅಕ್ಕನನ್ನು ಮರೆತಿರಲಾರಿರಿ. ಎರಡು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದು ಕಾಲಿನ ಬಲ ಕಳೆದುಕೊಂಡ ಅವಳನ್ನು ತಮ್ಮ ಸಂಸ್ಥೆಯ ವ್ಯಾನು ವಾರಕ್ಕೆ ಮೂರು ದಿನ ಬಂದು ಕರೆದೊಯ್ಯುತ್ತಿತ್ತು. ಅಲ್ಲಿ ಎರಡು ಕಂಬಿಗಳ ನಡುವೆ ಹಲ್ಲು ಕಚ್ಚಿ ನಿಂತು, ಬಿದ್ದು, ಮತ್ತೆ ನಿಂತು, ಕೊನೆಗೊಂದು ದಿನ ಹನ್ನೊಂದು ಹೆಜ್ಜೆ ಇಟ್ಟು ಬಂದಳು. ನಾಲ್ಕು ತಿಂಗಳ ಹಿಂದೆ ತಾವು ಎಲ್ಲರನ್ನೂ ಕರೆದು ವ್ಯಾನು ನಿಲ್ಲಿಸಬೇಕಾಗಿದೆ ಎಂದು ತಿಳಿಸುವಾಗ, ಕನ್ನಡಕ ತೆಗೆದು, "ಏನ್ ಮಾಡ್ಲಿ ಹೇಳಿ, ಸಂಸ್ಥೆಯ ಕೈ ಖಾಲಿ, ನನಗೂ ಹೊಟ್ಟೆ ಉರಿಯುತ್ತೆ" ಎಂದು ಕಣ್ಣೊರೆಸಿಕೊಳ್ಳಲು ಹೊರಟಿರಿ. ಆಗ ಮುಂದಿನ ಸಾಲಿನಿಂದ ಕರವಸ್ತ್ರ ಚಾಚಿದವಳೇ ನನ್ನ ಅಕ್ಕ. ಆ ಕರವಸ್ತ್ರ ಇನ್ನೂ ವಾಪಸ್ಸು ಬಂದಿಲ್ಲ.

ಅಂದಿನಿಂದ ಅವಳನ್ನು ನನ್ನ ಮರ ಸಾಗಿಸುವ ಕೈಗಾಡಿಯಲ್ಲಿ, ಹಳೆ ಹಾಸಿಗೆಯೊಂದನ್ನು ಹಾಸಿ, ವಾರಕ್ಕೊಮ್ಮೆ ಎಳೆದುಕೊಂಡು ಬರುತ್ತಿದ್ದೇನೆ. ಅದಕ್ಕಿಂತ ಹೆಚ್ಚು ಬಂದರೆ ನನ್ನ ಕೆಲಸ ನಿಲ್ಲುತ್ತದೆ, ಅವಳ ಸೊಂಟವೂ ಆ ಕುಲುಕಾಟ ತಡೆಯದು. ಹನ್ನೊಂದು ಹೆಜ್ಜೆ ಈಗ ನಾಲ್ಕಕ್ಕೆ ಇಳಿದಿದೆ. "ಇನ್ನೆರಡು ತಿಂಗಳು ಹೀಗೇ ಹೋದ್ರೆ ಕಾಲು ನಡೆಯೋದನ್ನೇ ಮರೆತುಬಿಡುತ್ತೆ" ಎಂದು ವ್ಯಾಯಾಮ ಮಾಡಿಸುವಾಕೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಅಕ್ಕನಿಗೆ ಇದನ್ನು ನಾನು ಹೇಳಿಲ್ಲ.

ಕೈ ಖಾಲಿಯಾದದ್ದು ಹೇಗೆಂದು ತಿಳಿಯುವ ಆಸೆಯಿಂದ ನಾನು ಮೂರು ಸಲ ತಮ್ಮ ಕಚೇರಿಗೆ ಬಂದೆ. ವರ್ಷದ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕೆಂಬ ನಿಯಮವನ್ನು ತಾವು ಪಾಲಿಸಿರುವ ರೀತಿಗೆ ತಲೆಬಾಗಲೇಬೇಕು. ಗುಮಾಸ್ತೆಯಮ್ಮ ಮೂರು ಸಲವೂ, "ಅಂಟಿಸಿದ್ದೀವಲ್ಲ, ಸಾಹೇಬರ ಬಾಗಿಲಿಗೆ" ಎಂದರು. ಅಂಟಿಸಿದ್ದರು ನಿಜ, ಆದರೆ ಬಾಗಿಲಿನ ಒಳಮೈಗೆ. ಬಾಗಿಲು ತೆರೆದರೆ ಆ ಮೈ ಗೋಡೆಗೆ ಒರಗಿ ಕಾಗದ ಕಾಣುವುದಿಲ್ಲ, ಮುಚ್ಚಿದರೆ ಕಾಣುತ್ತದೆ, ಆದರೆ ಮುಚ್ಚಿದಾಗ ಒಳಗೆ ಇರುವವರು ತಾವೊಬ್ಬರೇ. ಮೂವತ್ತು ವರ್ಷದಿಂದ ಬಾಗಿಲು ಮಾಡುತ್ತಿರುವ ನನಗೆ, ಒಂದು ಬಾಗಿಲಿನಿಂದ ಇಷ್ಟೊಂದು ಕೆಲಸ ತೆಗೆಯಬಹುದೆಂದು ಈವರೆಗೆ ಹೊಳೆದಿರಲಿಲ್ಲ.

ಅಂಥ ಬಾಗಿಲನ್ನು, ತಾವು 'ಪಾರದರ್ಶಕತೆ' ಎಂಬ ವಿಚಾರ ಸಂಕಿರಣಕ್ಕೆ ಹೋಗಿದ್ದ ದಿನ, ಗುಮಾಸ್ತೆಯಮ್ಮ ಕಾಗದ ಸಮೇತ ಕೀಲು ಬಿಚ್ಚಿಸಿ ನನ್ನ ಗಾಡಿಗೆ ಏರಿಸಿಕೊಟ್ಟರು. ಪಾಪ, ಅವರನ್ನು ಬಯ್ಯಬೇಡಿ. ಆ ಮೈಯನ್ನು ಅವರೂ ಯಾವತ್ತೂ ನೋಡಿದಂತಿರಲಿಲ್ಲ.

ನನಗೆ ಕನ್ನಡಕ ಸರಿಯಿಲ್ಲ. ಅಂಗಡಿಯಲ್ಲಿ ಕುಳಿತಿದ್ದ ಅಕ್ಕನೇ ಬಾಗಿಲನ್ನು ಗಟ್ಟಿಯಾಗಿ ಓದಿದಳು. ಸೇವಾ ಗೌರವಧನ, ನಾಯಕತ್ವ ಭತ್ಯೆ, ದೂರದೃಷ್ಟಿ ಭತ್ಯೆ, ಮನೆ ಬಾಡಿಗೆ, ಮನೆಗೆ ಹೋಗಿಬರುವ ಕಾರು: ಆಹಾ, ಸಂಬಳವೆಂಬ ಒರಟು ಪದವನ್ನು ಒಂದು ಕಡೆಯೂ ಬಳಸದೆ ತಾವು ಪಡೆದುಕೊಂಡಿದ್ದನ್ನು ಕೂಡಿದರೆ, ಅಷ್ಟರಲ್ಲೇ ಚಾಲಕನ ಸಂಬಳ, ಡೀಸೆಲ್ಲು, ಟೈರು ಎಲ್ಲ ಸೇರಿ ವ್ಯಾನು ನಾಲ್ಕು ವರ್ಷ ಓಡುತ್ತಿತ್ತು. ವ್ಯಾನು ನಿಂತ ತಿಂಗಳಲ್ಲೇ ಆ ಮೊತ್ತ ಏರಿದೆ. ಏರಿಸಿದ ಸಮಿತಿಯಲ್ಲಿದ್ದವರು ತಮ್ಮ ಭಾವಮೈದ, ತಮ್ಮ ತಂಗಿ ಮತ್ತು ತಾವು; ಆದರೂ ತಮ್ಮ ವಿಷಯ ಬಂದಾಗ ತಾವು ಎದ್ದು ಕೋಣೆಯಿಂದ ಹೊರಗೆ ಹೋಗಿ ನಿಂತಿರೆಂದು ಅಡಿಟಿಪ್ಪಣಿ ಹೇಳುತ್ತದೆ. ಮನೆಯವರು ಕರೆಯುವ ತನಕ ಹೊರಗೆ ನಿಂತ ಆ ಐದು ನಿಮಿಷದ ಕಷ್ಟಕ್ಕೆ ಭತ್ಯೆ ಇಲ್ಲದ್ದು ಕಂಡು ಬೇಸರವಾಯಿತು.

ಇಷ್ಟು ದಿನ "ಬಿಡೋ, ಅವರಿಗೂ ಏನು ಕಷ್ಟವೋ" ಎನ್ನುತ್ತಿದ್ದ ಅಕ್ಕ ಓದಿ ಮುಗಿಸಿ, "ದುಡ್ಡು ಇತ್ತು ಕಣೋ. ನಾನು ಅವರಿಗೆ ಕರವಸ್ತ್ರ ಬೇರೆ ಕೊಟ್ಟೆ" ಎಂದಳು. ಮಾನ್ಯರೇ, ನಾಚಿಕೆಪಡಬೇಕಾದವರು ತಾವು, ಆದರೆ ತಲೆ ತಗ್ಗಿಸಿ ಕೂತವಳು ಅವಳು.

ಆದ್ದರಿಂದ ತಮ್ಮಲ್ಲಿ ವಿನಮ್ರ ವಿನಂತಿ. ದೂರದೃಷ್ಟಿಗೆ ಭತ್ಯೆ ಪಡೆಯುವ ತಾವು ಆ ದೃಷ್ಟಿಯನ್ನು ಕೊಂಚ ಹತ್ತಿರಕ್ಕೆ ಎಳೆದು, ಗೇಟಿನ ಬಳಿ ಕೈಗಾಡಿಯಲ್ಲಿ ಕುಳಿತವರನ್ನೂ ನೋಡುವಂತಾಗಬೇಕು. ಮುಂದಿನ ವರ್ಷದ ಲೆಕ್ಕವನ್ನು ವ್ಯಾಯಾಮದ ಕೋಣೆಯ ಸೂರಿಗೆ ಅಂಟಿಸಿದರೆ ಬೆನ್ನ ಮೇಲೆ ಮಲಗಿದವರೆಲ್ಲ ಓದಿ ಧನ್ಯರಾಗುತ್ತಾರೆ. ಏಣಿ ನಾನೇ ತರುತ್ತೇನೆ. ಅದೂ ಆಗದಿದ್ದರೆ, ಒಂದೇ ಒಂದು ವಾರ ತಾವು ನನ್ನ ಗಾಡಿಯಲ್ಲಿ ಮಲಗಿ ಕಚೇರಿಗೆ ಬನ್ನಿ, ಎಳೆಯುವ ಕೂಲಿ ನನಗೆ ಬೇಡ. ಇದ್ಯಾವುದೂ ಬೇಡವೆಂದರೆ ವ್ಯಾನನ್ನು ಮತ್ತೆ ಬಿಡಿ. ನಾನು ಕೇಳಲು ಬಂದದ್ದು ಅದೊಂದನ್ನೇ.

ಬಾಗಿಲಿಲ್ಲದ ಕೋಣೆಯಲ್ಲಿ ತಾವು ಸೇವೆ ಮಾಡುವುದನ್ನು ಹಾದುಹೋಗುವವರೆಲ್ಲ ನೋಡುತ್ತಿದ್ದಾರೆಂದು ಕೇಳಿ ಸಂತೋಷಪಡುತ್ತಿರುವ,

ತಮ್ಮ ವಿಶ್ವಾಸಿ,
ಬಡಗಿ, ಹಾಗೂ ಕೈಗಾಡಿಯಲ್ಲಿ ಬರುವ ಹೆಂಗಸಿನ ತಮ್ಮ

ಮರೆತ ಮಾತು: ಬಾಗಿಲು ಸಿದ್ಧವಾಗಿದೆ. ಬಣ್ಣ ಒಣಗಲೆಂದು ಅಂಗಡಿಯ ಮುಂದೆ ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಕಾಗದ ಕಿತ್ತರೆ ಮರ ಹಾಳಾಗುವಷ್ಟು ಗಟ್ಟಿಯಾಗಿ ಅಂಟಿಸಿದ್ದೀರಿ, ಹಾಗಾಗಿ ಅದನ್ನು ಮುಟ್ಟಿಲ್ಲ. ಜನ ನಿಂತು ಓದುತ್ತಾರೆ, ಓದು ಬಾರದವರಿಗೆ ಅಕ್ಕ ಓದಿ ಹೇಳುತ್ತಾಳೆ. ಬಾಗಿಲನ್ನು ತಂದುಕೊಡೋಣವೆಂದರೆ ಕೈಗಾಡಿ ಅಕ್ಕನಿಗೇ ಬೇಕು. ವ್ಯಾನು ಕಳಿಸಿಕೊಡಿ, ಅವಳನ್ನು ಕರೆದೊಯ್ಯಲು ಅದು ಬಂದ ದಿನ, ಬಾಗಿಲನ್ನೂ ಅದರಲ್ಲೇ ಏರಿಸಿ ಕಳಿಸುತ್ತೇನೆ.